ಆಂಬುಲೆನ್ಸಿನಿಂದ ಕದ್ದರೆ ಎಷ್ಟು ವರ್ಷ?

(ಕೋಲಾರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಆಂಬುಲೆನ್ಸ್ ಸಿಬ್ಬಂದಿ ಮತ್ತು ಸಾರ್ವಜನಿಕರಿಗಾಗಿ ಏರ್ಪಡಿಸಿದ್ದ ಕಾನೂನು ಅರಿವು ಕಾರ್ಯಕ್ರಮದಲ್ಲಿ ವಕೀಲನಾಗಿ ನಾನು ಆಡಿದ ಮಾತು ಇದು. ಧಾಟಿ ಬದಲಿಸಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಮಾತ್ರ ಕತ್ತರಿ ಆಡಿಸಿದ್ದೇನೆ. ಸಭಿಕರು ಕೇಳಿದ ಮೂರು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಸಂಘಟಕರು ಕೊಟ್ಟ ಚೀಟಿಯಲ್ಲಿ ಹೀಗಿದೆ: ‘ತುರ್ತು ಸೇವೆಯಲ್ಲಿ ಇರುವವರಿಂದ ಕದ್ದವನಿಗೆ ಮಾಮೂಲಿ ಕಳ್ಳನಿಗಿಂತ ಜಾಸ್ತಿ ಶಿಕ್ಷೆ ಆಗಬೇಕೇ?’ ಹೌದು ಅನ್ನುವವರು ಕೈ ಎತ್ತಿ ಅಂದೆ. ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆ ಹೋದವು. ಹಿಂದಿನ ಸಾಲಿನ ಯಜಮಾನರೊಬ್ಬರು ಎರಡೂ ಕೈ ಎತ್ತಿದರು. ನನ್ನ ಕೈ ಅರ್ಧಕ್ಕೆ ನಿಂತಿದೆ. ಪೂರ್ತಿ ಯಾಕೆ ಎತ್ತಲಿಲ್ಲ ಅನ್ನುವುದೇ ಇವತ್ತಿನ ಮಾತು.

ನಮ್ಮ ಸಿಟ್ಟಂತೂ ಹೊಸದಲ್ಲ. ಉರಿಯೋ ಮನೆಯಲ್ಲಿ ಗಳ ಹಿರಿಯೋನು ಅಂತ ಹಿರಿಯರು ಬೈದದ್ದು ಇಂಥವನನ್ನೇ. ಊರೆಲ್ಲ ಕೊಡ ಹಿಡಿದು ಓಡುತ್ತಿರುವಾಗ ಇವನ ಕಣ್ಣು ಚಾವಣಿಯ ಬಿದಿರಿನ ಮೇಲೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ನ್ಯಾಯಾಧಿಕಾರಿಗಳೂ ಇಂಥವನನ್ನು ಬೇರೆಯಾಗಿಯೇ ನೋಡಿದ್ದರು. ಬೆಂಕಿ ಬಿದ್ದಾಗ, ಕಟ್ಟಡ ಕುಸಿದಾಗ, ಹಡಗು ಒಡೆದಾಗ ಸಿಕ್ಕಿದ್ದನ್ನು ಎತ್ತಿಕೊಂಡವನು ಅದರ ಬೆಲೆಯ ನಾಲ್ಕು ಪಟ್ಟು ಕಟ್ಟಬೇಕಿತ್ತು. ಕಳೆದುಕೊಂಡವನು ಒಂದು ವರ್ಷದೊಳಗೆ ದಾವೆ ಹೂಡದಿದ್ದರೆ ಮಾತ್ರ ಅದು ಅಸಲು ಬೆಲೆಗೆ ಇಳಿಯುತ್ತಿತ್ತು. ಇವತ್ತಿಗೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದ ಕಡೆ ಮನೆ ಅಂಗಡಿ ನುಗ್ಗಿ ಕದ್ದರೆ ಅದಕ್ಕೆ ಲೂಟಿ ಅಂತಲೇ ಬೇರೆ ಸೆಕ್ಷನ್ನು.

ಇವೆರಡರಲ್ಲೂ ಒಂದು ಸಂಗತಿ ಗಮನಿಸಿ. ಮಾಲು ಯಾರದ್ದು ಅಂತ ಆ ಕಾನೂನುಗಳು ಕೇಳಲಿಲ್ಲ. ಕದ್ದದ್ದು ಎಂಥ ಹೊತ್ತಿನಲ್ಲಿ ಅಂತ ಕೇಳಿದವು. ನಮ್ಮ ಕಾನೂನು ಮೊದಲು ಕೇಳುವುದು ಎರಡೇ ಪ್ರಶ್ನೆ: ಬೆಲೆ ಎಷ್ಟು, ಮಾಲೀಕ ಯಾರು. ನನ್ನ ತಕರಾರು ಇರುವುದು ಅಲ್ಲಿ.

ಆಂಬುಲೆನ್ಸಿನ ಹಿಂಬಾಗಿಲು ತೆಗೆದು ಒಳಗೆ ಏನಿದೆ ಅಂತ ನಿಂತು ನೋಡಿದವರು ಇಲ್ಲಿ ಎಷ್ಟು ಜನ? ಮುಂದಿನ ಸಾಲಿನಲ್ಲಿ ಕೂತಿರುವ ಪೈಲಟ್‌ಗಳು, ಅಂದರೆ ಆಂಬುಲೆನ್ಸ್ ಓಡಿಸುವವರು, ಮತ್ತು ರೋಗಿಯನ್ನು ನೋಡಿಕೊಳ್ಳುವ ಇ.ಎಂ.ಟಿ.ಗಳು (ತುರ್ತು ವೈದ್ಯಕೀಯ ತಂತ್ರಜ್ಞರು) ನಗುತ್ತಿದ್ದಾರೆ, ಅವರನ್ನು ಬಿಡಿ. ಈ ಕಾರ್ಯಕ್ರಮ ಒಪ್ಪಿಕೊಂಡ ಮೇಲೆ ಒಬ್ಬ ಇ.ಎಂ.ಟಿ. ಹುಡುಗನ ಹತ್ತಿರ ಹೋಗಿ ಎಲ್ಲ ತೋರಿಸಪ್ಪ ಅಂದೆ. ಕರಿ ಬಣ್ಣದ, ಕತ್ತಿಗೆ ಬಿಳಿ ಬಳಿದ ಆಕ್ಸಿಜನ್ ಸಿಲಿಂಡರು. ಅದರ ಬಾಯಿಗೆ ಹಿತ್ತಾಳೆ ರೆಗ್ಯುಲೇಟರು. ಅದಕ್ಕೆ ಹೊಂದಿಕೊಂಡ ಗಾಜಿನಂಥ ಕೊಳವೆಯಲ್ಲಿ ಒಂದು ಪುಟ್ಟ ಗುಂಡು. ಅದು ಎಷ್ಟು ಮೇಲೆ ತೇಲುತ್ತದೋ ನಿಮಿಷಕ್ಕೆ ಅಷ್ಟು ಲೀಟರ್ ಆಕ್ಸಿಜನ್ ಹೋಗುತ್ತಿದೆ ಅಂತ ಲೆಕ್ಕ. ಕೆಳಗೆ ಗುಳುಗುಳು ಅನ್ನುವ ನೀರಿನ ಬಾಟಲಿ. ಸಿಲಿಂಡರಿನ ವಾಲ್ವು ತಿರುಗಿಸಲು ಅಂಗೈಯಷ್ಟು ಉದ್ದದ ಒಂದು ಕಬ್ಬಿಣದ ಚಾವಿ. ಆ ಚಾವಿಯನ್ನು ನೈಲಾನ್ ದಾರದಲ್ಲಿ ಸಿಲಿಂಡರಿನ ಕತ್ತಿಗೇ ಬಿಗಿದಿದ್ದರು. ಯಾಕಪ್ಪ ಹೀಗೆ ಅಂದೆ. ‘ಹಿಂದೆ ಇಟ್ಟಿದ್ದು ಹೋಯ್ತು ಸಾರ್. ಚಾವಿ ಇಲ್ಲದಿದ್ರೆ ಸಿಲಿಂಡರ್ ತುಂಬಿದ್ರೂ ಒಂದೇ, ಖಾಲಿ ಇದ್ರೂ ಒಂದೇ’ ಅಂದ.

ಈಗ ನಮ್ಮ ಹೈವೇ ನೆನಪು ಮಾಡಿಕೊಳ್ಳಿ. ನರಸಾಪುರದ ಹತ್ತಿರವೋ ಮುಳಬಾಗಿಲು ದಾಟಿದ ಮೇಲೋ ಅಪಘಾತ ಆಗಿದೆ. ಆಂಬುಲೆನ್ಸ್ ನಿಂತಿದೆ, ಹಿಂದಿನ ಬಾಗಿಲು ಹಾರುಹೊಡೆದಿದೆ. ಸಿಬ್ಬಂದಿ ಇಬ್ಬರೂ ಸ್ಟ್ರೆಚರ್ ಹಿಡಿದು ಕಾರಿನ ಕಡೆ ಓಡಿದ್ದಾರೆ. ಸುತ್ತ ಐವತ್ತು ಜನ. ಅರ್ಧ ಜನ ಎತ್ತಲು ಕೈಕೊಡುತ್ತಿದ್ದಾರೆ, ಇನ್ನರ್ಧ ವಿಡಿಯೊ ಮಾಡುತ್ತಿದ್ದಾರೆ. ಒಬ್ಬ ಮಾತ್ರ ಒಳಗೆ ಕೈ ಹಾಕಿ ಆ ರೆಗ್ಯುಲೇಟರು ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಗುಜರಿಯಲ್ಲಿ ಹಿತ್ತಾಳೆ ತೂಕಕ್ಕೆ ಹೋಗುತ್ತದೆ, ಕೆಲವು ನೂರು ರೂಪಾಯಿ ಸಿಗಬಹುದು.

ಸಿಕ್ಕಿಬಿದ್ದ ಅಂತಲೇ ಇಟ್ಟುಕೊಳ್ಳೋಣ. ಕೇಸು ಏನಾಗುತ್ತದೆ?

2024ರ ಜುಲೈ 1ರಿಂದ ಐ.ಪಿ.ಸಿ. ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 379ನೇ ಸೆಕ್ಷನ್ನಿನ ಜಾಗದಲ್ಲಿ ಈಗ 303(2). ಸಾದಾ ಕಳ್ಳತನಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆ. ಇದರ ಬೆನ್ನಿಗೇ ಒಂದು ವಿನಾಯಿತಿ ಸೇರಿಸಿದ್ದಾರೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಅದು ಅವನ ಮೊದಲ ಅಪರಾಧವಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಹೊಟ್ಟೆಪಾಡಿಗೆ ಒಂದು ಗೊನೆ ಬಾಳೆಹಣ್ಣು ಎತ್ತಿದವನನ್ನು ಜೈಲಿಗೆ ಹಾಕಬಾರದು ಅನ್ನುವ ಉದ್ದೇಶ. ನಾನು ಅದನ್ನು ಮನಸಾರೆ ಒಪ್ಪುತ್ತೇನೆ.

ಅದರ ಬಾಲ ಮಾತ್ರ ಉದ್ದ ಇದೆ. 5,000ಕ್ಕಿಂತ ಕಡಿಮೆ ಬೆಲೆಯ ಕಳ್ಳತನ ಈಗ ನಾನ್-ಕಾಗ್ನಿಜೆಬಲ್ (ಎನ್.ಸಿ.), ಜಾಮೀನು ಸಿಗುವಂಥದ್ದು. ಅಂದರೆ ಠಾಣೆಗೆ ಹೋಗಿ ದೂರು ಕೊಟ್ಟರೆ ಎಫ್.ಐ.ಆರ್. ಬದಲು ಎನ್.ಸಿ. ವರದಿ ಬರೆದುಕೊಂಡು, ಮ್ಯಾಜಿಸ್ಟ್ರೇಟರ ಅನುಮತಿ ತನ್ನಿ ಅನ್ನುತ್ತಾರೆ. ಅದು ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವ ಹಾಗಿಲ್ಲ. ರೆಗ್ಯುಲೇಟರು, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರು, ಬಿ.ಪಿ. ನೋಡುವ ಯಂತ್ರ, ಆ ಕಬ್ಬಿಣದ ಚಾವಿ, ಒಂದೊಂದನ್ನೂ ಬೇರೆಬೇರೆಯಾಗಿ ನೋಡಿದರೆ ಬಹುಪಾಲು ಈ 5,000ದ ಗೆರೆಯ ಕೆಳಗೇ ಬೀಳುತ್ತವೆ. ಆ ಹೊತ್ತು ಉಸಿರು ಸಿಗದೆ ಮಲಗಿದ್ದವನ ಬೆಲೆ ಯಾವ ಕಲಮಿನಲ್ಲೂ ಬರುವುದಿಲ್ಲ.

ಮಾರುಕಟ್ಟೆ ಬೆಲೆ ಎಂಥ ಚಂಚಲ ಅಳತೆ ಅನ್ನುವುದನ್ನು ಕೋಲಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈಯಲ್ಲಿ ನಮ್ಮ ಎ.ಪಿ.ಎಂ.ಸಿ.ಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ರಾತ್ರಿ ತೋಟಕ್ಕೆ ಕಾವಲು ಕೂತಿದ್ದು ನೆನಪಿದೆಯಲ್ಲ? ಅವತ್ತು ಮೂರು ಬಾಕ್ಸು ಕದ್ದವನ ಮೇಲೆ ಎಫ್.ಐ.ಆರ್. ಆಗುವ ಮಾಲು, ರೇಟು ಬಿದ್ದು ರಸ್ತೆಗೆ ಸುರಿದ ದಿನ ಅದೇ ಮೂರು ಬಾಕ್ಸು ಕದ್ದರೆ ಎನ್.ಸಿ. ಹೊಸ ಕಾನೂನು ಬಂದದ್ದು ಆ ವರ್ಷದ ಟೊಮೆಟೊ ಮುಗಿದ ಮೇಲೆ, ಆದ್ದರಿಂದ ಇದು ಲೆಕ್ಕಕ್ಕೆ ಮಾತ್ರ ಹೇಳಿದ್ದು.

‘ಅಲ್ಲ ಸಾರ್, 305 ಇದೆಯಲ್ಲ’ ಅಂತ ಲಾ ಕಾಲೇಜಿನ ಹುಡುಗಿಯೊಬ್ಬಳು ಪಕ್ಕದವಳಿಗೆ ಪಿಸುಗುಟ್ಟುತ್ತಿದ್ದಾಳೆ. ಇದೆ ತಾಯಿ. ಮನೆಯೊಳಗೆ ನುಗ್ಗಿ ಕದ್ದರೆ, ದೇವಸ್ಥಾನದ ವಿಗ್ರಹ ಕದ್ದರೆ, ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದಿಂದ ಕದ್ದರೆ, ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಆಸ್ತಿ ಕದ್ದರೆ ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕೆಲವು ಕಳ್ಳತನ ಉಳಿದದ್ದಕ್ಕಿಂತ ಕೆಟ್ಟದ್ದು ಅನ್ನುವುದನ್ನು ನಮ್ಮ ಕಾನೂನು ಐ.ಪಿ.ಸಿ. ಕಾಲದಿಂದಲೂ ಒಪ್ಪಿಕೊಂಡೇ ಬಂದಿದೆ. ನೌಕರ ಯಜಮಾನನ ಮಾಲು ಕದ್ದರೂ ಏಳು ವರ್ಷ. ಹಾಗಾಗಿ ಕಳ್ಳತನದಲ್ಲೂ ಮೇಲುಕೀಳು ಮಾಡೋದಾ ಅನ್ನುವ ಆಕ್ಷೇಪಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ.

ತೊಡಕು ಇರುವುದು ಬೇರೆ ಕಡೆ. ಆ ರೆಗ್ಯುಲೇಟರು ಸರ್ಕಾರದ್ದೇ ಅಂತ ಸಾಬೀತಾದರೆ ಏಳು ವರ್ಷದ ಸೆಕ್ಷನ್ನು. ಆಂಬುಲೆನ್ಸು ಒಂದು ಟ್ರಸ್ಟಿನದೋ, ಊರಿನವರು ಚಂದಾ ಎತ್ತಿ ತಂದದ್ದೋ, ಖಾಸಗಿಯವರದೋ ಆಗಿದ್ದರೆ ಆ ಬಾಗಿಲು ಮುಚ್ಚಿತು. ಆಗ ಉಳಿಯುವುದು ‘ಪ್ರಯಾಣಿಕರನ್ನು ಸಾಗಿಸುವ ವಾಹನ’ ಅನ್ನುವ ಕಲಮು. ಸ್ಟ್ರೆಚರಿನ ಮೇಲೆ ಎಚ್ಚರ ತಪ್ಪಿ ಮಲಗಿರುವವನು ಪ್ರಯಾಣಿಕನೇ? ಹೌದು ಅಂತ ನಾನು ಒಂದು ಗಂಟೆ ವಾದ ಮಾಡಬಲ್ಲೆ, ಫೀಸು ಆ ಕಡೆಯಿಂದ ಬಂದರೆ ಅಲ್ಲ ಅಂತಲೂ ಮಾಡಬಲ್ಲೆ. ಒಟ್ಟಿನಲ್ಲಿ ಸಮುದಾಯ ಸೇವೆಯೋ ಏಳು ವರ್ಷವೋ ಅನ್ನುವುದು ಆರ್.ಸಿ. ಪುಸ್ತಕದಲ್ಲಿ ಯಾರ ಹೆಸರಿದೆ ಅನ್ನುವುದರ ಮೇಲೆ ನಿಂತಿದೆ. ಅತ್ತ ಯಾವುದೋ ಸರ್ಕಾರಿ ಕಚೇರಿಯ ಹಿತ್ತಲಲ್ಲಿ ಮಳೆಗೆ ನೆನೆಯುತ್ತಿರುವ ಕಾಲು ಮುರಿದ ಕುರ್ಚಿ ಕದ್ದವನಿಗೂ ಅದೇ ಏಳು ವರ್ಷದ ಸೆಕ್ಷನ್ನು ಅನ್ವಯಿಸುತ್ತದೆ. ಜಡ್ಜು ಏಳು ವರ್ಷ ಕೊಡುವುದಿಲ್ಲ, ಆ ಮಾತು ಬೇರೆ.

ಇದಕ್ಕೆ ದಾರಿ ನಮ್ಮ ಕಾನೂನಿನಲ್ಲೇ ಇದೆ ಅನ್ನುವುದು ನನ್ನ ವಾದ. ಬಂಗಾರಪೇಟೆ ಜಂಕ್ಷನ್ನು ನೋಡಿದ್ದೀರಿ. ಯಾರ್ಡಿನಲ್ಲಿ ರಾಶಿ ಹಾಕಿದ ಹಳಿ ತುಂಡನ್ನು ಕದ್ದು ಸಿಕ್ಕಿಬಿದ್ದರೆ 1966ರ ರೈಲ್ವೆ ಆಸ್ತಿ ಕಾಯ್ದೆಯಲ್ಲಿ ಮೊದಲ ಸಲಕ್ಕೆ ಐದು ವರ್ಷದವರೆಗೆ ಶಿಕ್ಷೆ. ಅಂಥದೇ ತುಂಡನ್ನು ರೈಲು ಓಡಾಡುವ ಮಾರ್ಗದಿಂದ, ಪ್ರಯಾಣಿಕರ ಜೀವಕ್ಕೆ ಅಪಾಯ ಅಂತ ಗೊತ್ತಿದ್ದೂ ಬಿಚ್ಚಿದರೆ 1989ರ ರೈಲ್ವೆ ಕಾಯ್ದೆಯ 150ನೇ ಸೆಕ್ಷನ್ನು: ಜೀವಾವಧಿ ಅಥವಾ ಹತ್ತು ವರ್ಷದವರೆಗೆ ಕಠಿಣ ಸಜೆ. ಮಾಲೀಕ ಒಬ್ಬನೇ, ಕಬ್ಬಿಣ ಒಂದೇ, ಗುಜರಿ ರೇಟೂ ಒಂದೇ. ಬೇರೆ ಇರುವುದು ಆ ಹಳಿ ಆಗ ಮಾಡುತ್ತಿದ್ದ ಕೆಲಸ, ಮತ್ತು ಅದು ಕದಿಯುವವನಿಗೆ ಗೊತ್ತಿತ್ತು ಅನ್ನುವುದು. ಆಂಬುಲೆನ್ಸಿಗೂ ಅಗ್ನಿಶಾಮಕ ವಾಹನಕ್ಕೂ ಇದೇ ಅಳತೆ ಹಿಡಿಯಿರಿ ಅಂತ ನಾನು ಕೇಳುವುದು.

ಗೊತ್ತಿತ್ತು ಅನ್ನುವುದನ್ನು ಹಗುರವಾಗಿ ದಾಟಿ ಹೋಗುವ ಹಾಗಿಲ್ಲ. 2021ರ ಏಪ್ರಿಲಿನಲ್ಲಿ ಹರಿಯಾಣದ ಜೀಂದ್ ಸಿವಿಲ್ ಆಸ್ಪತ್ರೆಯಲ್ಲಿ ನಡೆದದ್ದು ಕೆಲವರಿಗಾದರೂ ನೆನಪಿರಬಹುದು. ಕೊರೊನಾ ಎರಡನೇ ಅಲೆಯ ನಡುವೆ ಸುಮಾರು 1,700 ಡೋಸ್ ಲಸಿಕೆ ಕಳವಾಯಿತು. ದೇಶವೇ ಹೌಹಾರಿತು. ಅವನನ್ನು ನೇಣಿಗೆ ಹಾಕಿ ಅಂದವರೂ ಇದ್ದರು. ಮಾರನೇ ದಿನ ಪೊಲೀಸ್ ಠಾಣೆಯ ಹತ್ತಿರದ ಚಹಾ ಅಂಗಡಿಯಲ್ಲಿ ಒಂದು ಚೀಲ ಬಂತು. ಒಳಗೆ ಲಸಿಕೆ, ಜೊತೆಗೆ ಹಿಂದಿಯಲ್ಲಿ ಗೀಚಿದ ಚೀಟಿ: ಸಾರಿ, ಇದು ಕೊರೊನಾ ಔಷಧಿ ಅಂತ ಗೊತ್ತಿರಲಿಲ್ಲ.

ಈ ಮನುಷ್ಯನಿಗೆ ಏನು ಮಾಡುತ್ತೀರಿ? ಆಸ್ಪತ್ರೆಯಿಂದ ಕದ್ದಿದ್ದಾನೆ, ಆದ್ದರಿಂದ ಕಳ್ಳ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಎತ್ತಿಕೊಂಡದ್ದು ಏನು ಅಂತ ಗೊತ್ತಾದ ತಕ್ಷಣ ಸಿಕ್ಕಿಬೀಳುವ ಅಪಾಯವನ್ನೂ ಲೆಕ್ಕಿಸದೆ ಠಾಣೆಯ ಬಾಗಿಲಿಗೇ ತಲುಪಿಸಿದ್ದಾನೆ. ಆಸ್ಪತ್ರೆಯ ಮಾಲು, ಆದ್ದರಿಂದ ಕನಿಷ್ಠ ಇಷ್ಟು ವರ್ಷ ಅಂತ ಕಣ್ಣು ಮುಚ್ಚಿ ಬರೆದಿಟ್ಟರೆ ಇವನೂ, ಗೊತ್ತಿದ್ದೇ ಕದ್ದು ಬ್ಲಾಕಿನಲ್ಲಿ ಮಾರಿದವನೂ ಒಂದೇ ತಕ್ಕಡಿಗೆ ಬೀಳುತ್ತಾರೆ.

ಅದೇ ವಾರ ಮಧ್ಯಪ್ರದೇಶದ ದಮೋಹ್ ಜಿಲ್ಲಾಸ್ಪತ್ರೆಯಲ್ಲಿ ಜನ ನುಗ್ಗಿ ಆಕ್ಸಿಜನ್ ಸಿಲಿಂಡರುಗಳನ್ನು ಎಳೆದುಕೊಂಡು ಹೋದರು. ಅವರು ಗುಜರಿ ಗಿರಾಕಿಗಳಲ್ಲ, ಒಳಗೆ ಮಲಗಿದ್ದ ರೋಗಿಗಳ ಮನೆಯವರು. ಅವರಿಗೆ ಎಲ್ಲ ಗೊತ್ತಿತ್ತು. ತಾವು ಎಳೆದುಕೊಂಡ ಸಿಲಿಂಡರು ಇನ್ನೊಬ್ಬರ ಪಾಲಿನದು ಅನ್ನುವುದೂ ಗೊತ್ತಿರಬೇಕು. ನನ್ನ ಅಳತೆಯ ಪ್ರಕಾರ ನೋಡಿದರೆ ಅವರಿಗೇ ಜಾಸ್ತಿ ಶಿಕ್ಷೆ ಬರಬೇಕು. ನನಗೆ ಕೊಡಲು ಮನಸ್ಸು ಬರುವುದಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ ಏನಾಯಿತು ಅನ್ನುವುದನ್ನು ನೋಡಿದ ಮೇಲೆ, ಅಪ್ಪನ ಮಂಚದ ಪಕ್ಕ ನಿಂತ ಮಗ ಏನು ಮಾಡಬೇಕಿತ್ತು ಅಂತ ಪಾಠ ಹೇಳಲು ನಾನ್ಯಾರು? ಅದಕ್ಕೇ ಗರಿಷ್ಠ ಶಿಕ್ಷೆ ಹೆಚ್ಚಿಸಿ ಅನ್ನುತ್ತೇನೆ, ಕನಿಷ್ಠ ಶಿಕ್ಷೆ ಕಟ್ಟಬೇಡಿ ಅನ್ನುತ್ತೇನೆ. ಮೇಲಿನ ಮಿತಿ ಎತ್ತರ ಇದ್ದರೆ ಜಡ್ಜಿಗೆ ಕೈಯಾಡಿಸಲು ಜಾಗ ಇರುತ್ತದೆ. ಕೆಳಗಿನ ಮಿತಿ ಕಟ್ಟಿದರೆ ಕೈ ಕಟ್ಟಿದ ಹಾಗೆಯೇ.

ಹಾಗೆ ಬಿಟ್ಟರೆ ಒಂದು ಕೋರ್ಟಿನಲ್ಲಿ ಆರು ತಿಂಗಳು, ಪಕ್ಕದ ಕೋರ್ಟಿನಲ್ಲಿ ಮೂರು ವರ್ಷ ಆಗುವುದಿಲ್ಲವೇ? ಆಗುತ್ತದೆ, ಆಗುತ್ತಿದೆ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರ ವರದಿಯಲ್ಲೇ ಶಿಕ್ಷೆ ವಿಧಿಸಲು ಮಾರ್ಗಸೂಚಿ ಬೇಕು ಅಂತ ಹೇಳಿತ್ತು. ಇನ್ನೂ ಬಂದಿಲ್ಲ. ಇಂಗ್ಲೆಂಡಿನಲ್ಲಿ ಅಂಥದ್ದು ಇದೆ. ಅಲ್ಲಿ ಕಳ್ಳತನದ ಮಾರ್ಗಸೂಚಿ ಮಾಲಿನ ಬೆಲೆಯ ಜೊತೆಗೆ, ಕಳವಿನಿಂದ ಯಾರ ಜೀವಕ್ಕಾದರೂ ಅಪಾಯ ಆಯಿತೇ, ಮೂಲ ಸೌಕರ್ಯ ಕೆಟ್ಟಿತೇ ಅನ್ನುವುದನ್ನೂ ತೂಗಲು ಹೇಳುತ್ತದೆ. ಅವರು 2018ರಲ್ಲಿ ತುರ್ತು ಸೇವೆಯವರ ಮೇಲೆ ಹಲ್ಲೆ ಮಾಡಿದವರಿಗೆ ಪ್ರತ್ಯೇಕ ಕಾಯ್ದೆ ತಂದರು, 2022ರಲ್ಲಿ ಅದರ ಗರಿಷ್ಠ ಶಿಕ್ಷೆಯನ್ನು ಒಂದು ವರ್ಷದಿಂದ ಎರಡಕ್ಕೆ ಏರಿಸಿದರು. ಆ ಕಾಯ್ದೆ ಇರುವುದು ಹಲ್ಲೆಗೆ. ಮನುಷ್ಯನ ಮೈಮೇಲೆ ಕೈ ಮಾಡಿದರೆ ಅವನು ಯಾರು ಅನ್ನುವುದು ಮುಖ್ಯ, ಮಾಲಿಗೆ ಕೈ ಹಾಕಿದರೆ ಮಾಲು ಏನು ಅನ್ನುವುದು ಮುಖ್ಯ. ನನಗೆ ಈ ವಿಂಗಡಣೆ ಸರಿ ಕಾಣುತ್ತದೆ.

ಯಾಕೆಂದರೆ ‘ಯಾರು’ ಅಂತ ಶುರು ಮಾಡಿದರೆ ಅದಕ್ಕೆ ಕೊನೆ ಇರುವುದಿಲ್ಲ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು 2009ರಲ್ಲೇ ಕಾಯ್ದೆ ಬಂತು. 2020ರಲ್ಲಿ ಕೇಂದ್ರ ಸರ್ಕಾರ ಸಾಂಕ್ರಾಮಿಕ ರೋಗ ಕಾಯ್ದೆಗೆ ತಿದ್ದುಪಡಿ ತಂದಿತು. ನಾವು ವಕೀಲರು ಮಾತ್ರ ಸುಮ್ಮನಿರುತ್ತೇವೆಯೇ? 2023ರಲ್ಲಿ ನಮಗೂ ಒಂದು ಕಾಯ್ದೆ ಮಾಡಿಸಿಕೊಂಡೆವು. ಇನ್ನು ಮಳೆಗಾಲದ ರಾತ್ರಿ ಕಂಬ ಹತ್ತುವ ಲೈನ್‌ಮ್ಯಾನ್ ಕೇಳುವುದಿಲ್ಲವೇ? ಬಾಣಂತಿಯನ್ನು ಆಟೊದಲ್ಲಿ ಕೂರಿಸಿಕೊಂಡು ಬರುವ ಆಶಾ ಕಾರ್ಯಕರ್ತೆ? ಇವರಲ್ಲಿ ಯಾರೂ ಕಡಿಮೆಯಲ್ಲ. ಆದರೆ ರಜೆಯಲ್ಲಿ ಊರಿಗೆ ಹೋದ ಅಗ್ನಿಶಾಮಕ ಸಿಬ್ಬಂದಿಯ ಮನೆಯಿಂದ ಮಿಕ್ಸಿ ಕಳವಾದರೆ ಅದು ನನ್ನ ನಿಮ್ಮ ಮನೆಯ ಮಿಕ್ಸಿ ಕಳವಾದಷ್ಟೇ. ಅವರ ವಾಹನದಿಂದ ಹೋಸ್ ಪೈಪಿನ ಕಪ್ಲಿಂಗ್ ಕಳವಾದರೆ ಅಷ್ಟೇ ಅಲ್ಲ. 63 ಮಿಲಿಮೀಟರಿನ ಆ ಗನ್‌ಮೆಟಲ್ ಮೂತಿ ಇಲ್ಲದಿದ್ದರೆ ಒಂದು ಪೈಪನ್ನು ಇನ್ನೊಂದಕ್ಕೆ ಜೋಡಿಸಲಾಗುವುದಿಲ್ಲ. ಟ್ಯಾಂಕಿನಲ್ಲಿ ನೀರು ಇದ್ದೂ ಬೆಂಕಿಯ ತನಕ ಹೋಗುವುದಿಲ್ಲ.

ಆ 2020ರ ತಿದ್ದುಪಡಿಯಲ್ಲಿ ನನಗೆ ಮೆಚ್ಚಿಗೆಯಾದ ಒಂದು ಸಾಲಿದೆ. ಅಲ್ಲಿ ‘ಹಿಂಸೆ’ಯ ವ್ಯಾಖ್ಯೆಯೊಳಗೆ ಆರೋಗ್ಯ ಸಿಬ್ಬಂದಿಯ ವಶದಲ್ಲಿರುವ ಆಸ್ತಿಗೆ, ದಾಖಲೆಗೆ ಆಗುವ ನಷ್ಟವನ್ನೂ ಸೇರಿಸಿದ್ದಾರೆ. ಮಾಲೀಕತ್ವದ ತಂಟೆಗೇ ಹೋಗಿಲ್ಲ, ಅವರ ವಶದಲ್ಲಿದ್ದರೆ ಸಾಕು. ಟ್ರಸ್ಟಿನ ಗಾಡಿಯೋ ಸರ್ಕಾರದ್ದೋ ಅನ್ನುವ ಗೋಜಲು ಅಲ್ಲಿಲ್ಲ. ಶಿಕ್ಷೆ 3 ತಿಂಗಳಿಂದ 5 ವರ್ಷ, ದಂಡ 50 ಸಾವಿರದಿಂದ 2 ಲಕ್ಷ. ಕನಿಷ್ಠ ಶಿಕ್ಷೆ ಕಟ್ಟಿರುವುದು ನನಗೆ ಹಿಡಿಸದು. ಅದು ಸಾಂಕ್ರಾಮಿಕದ ಕಾಲಕ್ಕೆ ಮಾತ್ರ ಅನ್ನುವುದೂ ಒಂದು ಕೊರತೆ. ಹೈವೇ ಅಪಘಾತ ಸಾಂಕ್ರಾಮಿಕಕ್ಕೆ ಕಾಯುವುದಿಲ್ಲ.

ಈಗ ಕಹಿ ಮಾತು ಒಂದೆರಡು. ಮುಂದಿನ ಸಾಲಿನವರು ಬೇಜಾರು ಮಾಡಿಕೊಳ್ಳಬಾರದು.

ತುರ್ತು ಸೇವೆಯ ಮಾಲು ಹೊರಗಿನವನ ಕೈಯಿಂದಲೇ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಕೊರೊನಾ ಕಾಲದಲ್ಲಿ ರೆಮ್‌ಡೆಸಿವಿರ್ ಇಂಜೆಕ್ಷನ್ ಬ್ಲಾಕಿನಲ್ಲಿ ಮಾರಿದ ಕೇಸುಗಳಲ್ಲಿ ದೇಶದ ಹಲವೆಡೆ ಸಿಕ್ಕಿಬಿದ್ದವರು ಆಸ್ಪತ್ರೆಯ ಒಳಗಿನವರೇ. ಒಳಗಿನವನು ಕದ್ದರೆ 306ರಲ್ಲಿ ಏಳು ವರ್ಷ, ಸರ್ಕಾರಿ ನೌಕರ ತನಗೆ ಒಪ್ಪಿಸಿದ್ದನ್ನು ನುಂಗಿದರೆ 316ರಲ್ಲಿ ಜೀವಾವಧಿಯವರೆಗೂ ಹೋಗಬಹುದು. ಅಂದರೆ ಕಾನೂನು ಇಲ್ಲಿ ಆಗಲೇ ಬಿಗಿಯಾಗಿದೆ. ನಮ್ಮ ಸಿಟ್ಟು ಮಾತ್ರ ಹೊರಗಿನ ಬಡಪಾಯಿಯ ಮೇಲೆ ಬೇಗ ಹತ್ತುತ್ತದೆ.

ಎರಡನೆಯದು ಗುಜರಿ. ಕಪ್ಲಿಂಗನ್ನು ಯಾರೂ ಮನೆಯಲ್ಲಿ ಶೋಕೇಸಿಗೆ ಇಟ್ಟುಕೊಳ್ಳಲು ಕದಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ಕೇಬಲ್ ಕಳವಾಗದ ಹೋಬಳಿ ಯಾವುದಿದೆ ಹೇಳಿ. ರಾತ್ರಿ ಕತ್ತರಿಸುತ್ತಾರೆ, ಕೆರೆ ಅಂಗಳಕ್ಕೆ ಹೋಗಿ ಸುಡುತ್ತಾರೆ, ಬೆಳಿಗ್ಗೆ ತಾಮ್ರ ತೂಕಕ್ಕೆ ಬರುತ್ತದೆ. ಸುಟ್ಟು ಕಪ್ಪಾದ ತಾಮ್ರದ ಸುರುಳಿ ನೋಡಿ, ಇದು ಎಲ್ಲಿಂದ ಬಂತು ಅಂತ ಕೊಳ್ಳುವವನಿಗೆ ತಿಳಿಯುವುದಿಲ್ಲವೇ? ಕಳ್ಳನಿಗೆ ಸಿಗುವುದು ಕೆಲವು ಸಾವಿರ, ರೈತನಿಗೆ ಹೋಗುವುದು ಒಂದು ಬೆಳೆ. ಕಳವಿನ ಮಾಲು ಅಂತ ತಿಳಿದೂ ಕೊಂಡರೆ 317ರಲ್ಲಿ ಮೂರು ವರ್ಷ. ಅದನ್ನೇ ದಂಧೆ ಮಾಡಿಕೊಂಡವನಿಗೆ ಹತ್ತು ವರ್ಷ ಅಥವಾ ಜೀವಾವಧಿ. ಈ ಎರಡನೇ ಭಾಗವನ್ನು ಹಾಕಿದ ಚಾರ್ಜ್‌ಶೀಟು ಅಪರೂಪ. ಬಹಳ ಸಲ ಗುಜರಿಯವನು ಸಾಕ್ಷಿಯಾಗಿ ಬಂದು ಕಟಕಟೆಯಲ್ಲಿ ನಿಂತು ಹೋಗುತ್ತಾನೆ, ಆರೋಪಿಯಾಗಿ ಅಲ್ಲ.

ಶಿಕ್ಷೆಯ ವರ್ಷ ಏರಿಸಿದ ಮಾತ್ರಕ್ಕೆ ಕಳವು ನಿಲ್ಲುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಕಳ್ಳತನದ ಕೇಸು ಹೇಗೆ ಬೀಳುತ್ತದೆ ಅಂತ ಕೋರ್ಟಿನಲ್ಲಿ ಕೂತು ನೋಡಿ. ಮಾಲು ವಶಪಡಿಸಿಕೊಂಡ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರು ಬಂದು, ‘ನಮ್ಮನ್ನ ಸ್ಟೇಷನ್‌ಗೆ ಕರೆದು ಸಹಿ ಹಾಕಿಸಿಕೊಂಡ್ರು ಸ್ವಾಮಿ, ಮಾಲು ನೋಡಿಲ್ಲ’ ಅನ್ನುತ್ತಾರೆ. ಮಾಲು ಇದೇ ಅಂತ ಗುರುತಿಸಲು ಅದರ ಮೇಲೆ ನಂಬರ್ ಇರುವುದಿಲ್ಲ. ಅಲ್ಲಿಗೆ ಖುಲಾಸೆ. ಸೆಕ್ಷನ್ನಿನಲ್ಲಿ ಮೂರು ಇದ್ದರೂ ಹದಿಮೂರು ಇದ್ದರೂ ಅವನು ಮಧ್ಯಾಹ್ನ ಬಸ್ ಹತ್ತುತ್ತಾನೆ.

ಹಾಗಾದರೆ ಕಾನೂನು ಬದಲಾಗಬೇಕು ಅಂತ ಯಾಕೆ ಕೇಳುತ್ತೀರಿ ಅನ್ನಬಹುದು. ಠಾಣೆಯ ಬಾಗಿಲಲ್ಲೇ ಎನ್.ಸಿ. ಅಂತ ವಾಪಸ್ ಕಳಿಸುವುದು ನಿಲ್ಲಲಿ ಅಂತ. ನಾನು ಬರೆಯುವುದಾದರೆ 305ಕ್ಕೆ ಒಂದು ಕಲಮು ಸೇರಿಸುತ್ತೇನೆ: ಜೀವ ಉಳಿಸುವ ಅಥವಾ ಬೆಂಕಿ ನಂದಿಸುವ ಕೆಲಸಕ್ಕೆ ಸಿದ್ಧವಾಗಿಟ್ಟ ಉಪಕರಣವನ್ನು, ಅದು ಅಂಥದ್ದು ಅಂತ ತಿಳಿದೂ ಅಥವಾ ತಿಳಿಯಲು ಸಾಕಷ್ಟು ಕಾರಣ ಇದ್ದೂ ಕದ್ದರೆ, ಮಾಲು ಯಾರದ್ದೇ ಆಗಿರಲಿ, ಬೆಲೆ ಎಷ್ಟೇ ಇರಲಿ, ಏಳು ವರ್ಷದವರೆಗೆ. ಕನಿಷ್ಠ ಶಿಕ್ಷೆ ಇಲ್ಲ. ಮೇಲೆ ಕೆಂಪು ದೀಪ ನೀಲಿ ದೀಪ ಮಿನುಗುತ್ತಿರುವ ಗಾಡಿಗೆ ಕೈ ಹಾಕಿದವನು ಗೊತ್ತಿರಲಿಲ್ಲ ಅನ್ನುವುದು ಕಷ್ಟ. ಗೋಡೌನಿನಲ್ಲಿ ಮುಚ್ಚಿಟ್ಟ ಪೆಟ್ಟಿಗೆ ಹೊತ್ತವನು ಹೇಳಿದರೆ ಕೇಳಬೇಕಾಗುತ್ತದೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ (ಇ.ಎಂ.ಟಿ. ಒಬ್ಬರು): ಸಾರ್, ಪೇಷೆಂಟ್ ಇಳಿಸೋ ಹೊತ್ತಿಗೆ ಕ್ಯಾಬಿನ್‌ನಿಂದ ನನ್ನ ಸ್ವಂತ ಫೋನ್ ಹೊಡೆದರು. ಅದು ಉಪಕರಣ ಆಗುತ್ತಾ?

ಆ ಫೋನಿನಲ್ಲಿ ನೀವು ಆಸ್ಪತ್ರೆಗೆ ಮಾತಾಡುತ್ತಿದ್ದಿರಿ, ದಾರಿ ನೋಡುತ್ತಿದ್ದಿರಿ ಅಂದರೆ ನನ್ನ ಲೆಕ್ಕದಲ್ಲಿ ಆಗುತ್ತದೆ. ಡ್ಯೂಟಿ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅದೇ ಫೋನ್ ಹೋದರೆ ಆಗುವುದಿಲ್ಲ. ಕದ್ದವನಿಗೆ ಅದು ಡ್ಯೂಟಿ ಫೋನು ಅಂತ ಹೇಗೆ ಗೊತ್ತು ಅಂತ ಎದುರು ವಕೀಲರು ಕೇಳುತ್ತಾರೆ. ಕೇಳಲಿ, ಅದು ಅವರ ಕೆಲಸ. ಇನ್ನೊಂದು ಮಾತು: ರಸ್ತೆ ಬದಿಯಲ್ಲಿ ಬ್ಯಾಗ್ ಇಟ್ಟು ಗಾಯಾಳುವಿನ ಕಡೆ ಓಡಿದರೆ, ‘ಬಿದ್ದಿತ್ತು, ಎತ್ತಿಕೊಂಡೆ’ ಅನ್ನುವ ಡಿಫೆನ್ಸ್ ಬರುತ್ತದೆ. ಹೆದ್ದಾರಿಯಲ್ಲಿ ಯಾರ ವಶದಲ್ಲೂ ಇಲ್ಲದೆ ಬಿದ್ದಿರುವ ಉಂಗುರ ಎತ್ತಿಕೊಂಡರೆ ಅದು ಕಳ್ಳತನ ಅಲ್ಲ, ದುರ್ವಿನಿಯೋಗ ಆಗಬಹುದು ಅಂತ ಐ.ಪಿ.ಸಿ.ಯ ಉದಾಹರಣೆಯಲ್ಲೇ ಇತ್ತು. ನಿಮ್ಮ ಬ್ಯಾಗ್ ಹಾಗಲ್ಲ. ನೀವು ಇಪ್ಪತ್ತು ಹೆಜ್ಜೆ ದೂರ ಇದ್ದರೂ ಅದು ನಿಮ್ಮ ವಶದಲ್ಲೇ ಇದೆ.

ಪ್ರಶ್ನೆ (ವಿದ್ಯಾರ್ಥಿನಿ): ಅಪಘಾತದಲ್ಲಿ ಸತ್ತವರ ಮೈಮೇಲಿನ ಒಡವೆ ತೆಗೆದುಕೊಂಡರೆ? ಅದು ಇನ್ನೂ ನೀಚ ಅಲ್ಲವೇ ಸಾರ್?

ನೀಚ ಅನ್ನುವುದರಲ್ಲಿ ಅನುಮಾನ ಇಲ್ಲ. ಅದಕ್ಕೆ 315 ಇದೆ, ಹಳೆಯ 404. ಸಾಯುವಾಗ ಅವರ ಬಳಿ ಇದ್ದದ್ದನ್ನು ಹಕ್ಕುದಾರರ ಕೈಸೇರುವ ಮೊದಲು ಅಪ್ರಾಮಾಣಿಕವಾಗಿ ತನ್ನದು ಮಾಡಿಕೊಂಡರೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ, ಸತ್ತವರ ನೌಕರನೇ ಮಾಡಿದ್ದರೆ ಏಳು ವರ್ಷದವರೆಗೆ. ಆದರೆ ನೀಚತನ ಅಳೆಯುವುದು ಬೇರೆ, ಆಗುವ ಹಾನಿ ಅಳೆಯುವುದು ಬೇರೆ. ಸರ ಹೋದರೆ ಮನೆಯವರಿಗೆ ದುಃಖದ ಮೇಲೆ ದುಃಖ. ರೆಗ್ಯುಲೇಟರು ಹೋದರೆ ಇನ್ನೊಂದು ಸಾವು. ನಾನು ಎರಡನೆಯದಕ್ಕೆ ಜಾಸ್ತಿ ಇಡುತ್ತೇನೆ. ನಿಮಗೆ ಒಪ್ಪಿಗೆ ಇಲ್ಲ ಅಂತ ಮುಖದಲ್ಲೇ ಕಾಣುತ್ತಿದೆ, ಇರಲಿ.

ಪ್ರಶ್ನೆ (ಖಾಸಗಿ ಆಂಬುಲೆನ್ಸ್ ಮಾಲೀಕರು): ಶಿಕ್ಷೆ ಆಮೇಲೆ ಆಗಲಿ ಸಾರ್. ಕಂಪ್ಲೇಂಟ್ ಕೊಟ್ಟು ಮಾಲು ಸಿಕ್ಕಿದರೂ ಅದು ಕೋರ್ಟಿನಲ್ಲೇ ಕೊಳೀತದೆ. ನಾನು ಇನ್ನೊಂದು ಕೊಂಡುಕೊಳ್ಳಬೇಕು. ಅದಕ್ಕೇ ಕಂಪ್ಲೇಂಟೇ ಬೇಡ ಅಂತ ಸುಮ್ಮನಾಗ್ತೀವಿ.

ಇವತ್ತಿನ ಅತಿ ಒಳ್ಳೆಯ ಪ್ರಶ್ನೆ ಇದು. ಮುದ್ದೆಮಾಲು, ಅಂದರೆ ಕೇಸಿನ ಮಾಲು, ಅಂತ ಚೀಟಿ ಅಂಟಿಸಿದ ಯಂತ್ರ ಬೀರುವಿನಲ್ಲಿ ಕೂತರೆ ಕಳ್ಳ ಮಾಡಿದ ಕೆಲಸವನ್ನೇ ನಾವು ಮುಂದುವರಿಸಿದ ಹಾಗೆ. ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್, ಮಾಲನ್ನು ಬೇಕಾದ್ದಕ್ಕಿಂತ ಹೆಚ್ಚು ದಿನ ಇಟ್ಟುಕೊಳ್ಳಬೇಡಿ, ಫೋಟೊ ತೆಗೆದು ಪಂಚನಾಮೆ ಮಾಡಿ ವಾಪಸ್ ಕೊಡಿ ಅಂತ ಹೇಳಿದೆ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 497ರಲ್ಲಿ ಗಡುವೂ ಇದೆ: ಮಾಲು ಕೋರ್ಟಿಗೆ ಹಾಜರಾದ 14 ದಿನದೊಳಗೆ ಅದರ ವಿವರಪಟ್ಟಿ ಆಗಬೇಕು, ಫೋಟೊ ಅಥವಾ ವಿಡಿಯೊ ತೆಗೆಯಬೇಕು, ಅದಾದ 30 ದಿನದೊಳಗೆ ವಿಲೇವಾರಿ ಆದೇಶ ಆಗಬೇಕು. ನೀವು ಅಷ್ಟು ದಿನವೂ ಕಾಯಬೇಕಿಲ್ಲ. ಕೇಸು ಮುಗಿಯುವ ತನಕ ಮಾಲು ನಿಮ್ಮ ಬಳಿ ಇರಲಿ ಅಂತ ಇಂಟೆರಿಮ್ ಕಸ್ಟಡಿಗೆ ಅರ್ಜಿ ಹಾಕಿ, ಇಂಡೆಮ್ನಿಟಿ ಬಾಂಡ್ (ಹೊಣೆ ನನ್ನದು ಅನ್ನುವ ಮುಚ್ಚಳಿಕೆ) ಬರೆದುಕೊಡಿ. ಅರ್ಜಿ ನಿಲ್ಲಬೇಕಾದರೆ ಮಾಲು ನಿಮ್ಮದೇ ಅಂತ ತೋರಿಸಬೇಕು. ಬಿಲ್ಲಿನ ಜೆರಾಕ್ಸ್ ಗಾಡಿಯಲ್ಲಿ ಒಂದು, ಮನೆಯಲ್ಲಿ ಒಂದು ಇರಲಿ. ಯಂತ್ರದ ಸೀರಿಯಲ್ ನಂಬರಿನ ಫೋಟೊ ಫೋನಿನಲ್ಲಿರಲಿ. ನಂಬರ್ ಇಲ್ಲದ ರೆಗ್ಯುಲೇಟರು, ಚಾವಿ ಇಂಥವುಗಳ ಮೇಲೆ ಪಂಚ್ ಹೊಡೆಸಿ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಹಾಕಿಸಿಬಿಡಿ. ಲೇತ್ ವರ್ಕ್ಸ್‌ನವರು ನಿಂತ ಕಾಲಲ್ಲಿ ಮಾಡಿಕೊಡುತ್ತಾರೆ.